ಹೆಲ್ಮೆಟ್ ಒಳಗೆ ಹಾಡು ಸರಿಯಾಗಿ ಕೇಳುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕಿ

ಮನೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಹಾಡು ಹೆದ್ದಾರಿಗೆ ಬಂದ ಕೂಡಲೇ ಹಾಳಾಗಿಬಿಡುತ್ತದೆ. ಪದ ಗೊತ್ತಾಗಲ್ಲ, ಬೇಸ್ ಇಲ್ಲ, ಮಧ್ಯೆ ಮಧ್ಯೆ ನಿಂತುಹೋಗುತ್ತದೆ. ಮೊದಲು ಅನುಮಾನ ಬರುವುದು ಸ್ಪೀಕರ್ ಮೇಲೆ, ಆಮೇಲೆ ಹೊಸದು ಕೊಳ್ಳುವ ಮಾತು. ಸ್ವಲ್ಪ ತಡೆಯಿರಿ. ತುಂಬಾ ಸಲ ಸ್ಪೀಕರ್‌ಗೆ ಏನೂ ಆಗಿರುವುದಿಲ್ಲ. ಗಾಳಿಯ ಸದ್ದು ಹಾಡನ್ನು ನುಂಗಿರುತ್ತದೆ, ಇಲ್ಲಾ ಸ್ಪೀಕರ್ ಕಿವಿಯ ಎದುರಿಗೆ ಕೂತಿರುವುದಿಲ್ಲ, ಇಲ್ಲಾ ಫೋನಿನ ಯಾವುದೋ ಸೆಟ್ಟಿಂಗ್ ಅಡ್ಡ ಬಂದಿರುತ್ತದೆ. ವಾಲ್ಯೂಮ್ ಏರಿಸುವುದು ಇದಕ್ಕೆಲ್ಲ ರಿಪೇರಿ ಅಲ್ಲ, ಅದರಿಂದ ಕಿವಿಗೆ ಪೆಟ್ಟು ಬೀಳುತ್ತದೆ ಅಷ್ಟೇ.

ಕೆಳಗೆ ಒಂದೊಂದು ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆ ಮೊದಲು ಇದೆ, ಕಷ್ಟದ್ದು ಆಮೇಲೆ. ನಿಮ್ಮ ಲಕ್ಷಣ ಯಾವುದೋ ಅಲ್ಲಿಗೇ ನೇರವಾಗಿ ಹೋಗಿ.

ಕೈ ಹಾಕುವ ಮುನ್ನ

ಕೆಳಗೆ ಬರುವ ವಿಂಡ್‌ಶೀಲ್ಡ್ ಪರೀಕ್ಷೆ ಒಂದನ್ನು ಬಿಟ್ಟು ಉಳಿದ ಪರೀಕ್ಷೆ ಎಲ್ಲಾ ಗಾಡಿ ನಿಲ್ಲಿಸಿಕೊಂಡೇ ಮಾಡಿ. ಓಡುತ್ತಿರುವಾಗ ಹೆಲ್ಮೆಟ್ ಒಳಗೆ ಬೆರಳು ತೂರಿಸುವುದು, ಹೆಲ್ಮೆಟ್‌ಗೆ ಸಿಕ್ಕಿಸಿರುವ ಬ್ಲೂಟೂತ್ ಯೂನಿಟ್‌ನ ಬಟನ್ ಹುಡುಕುತ್ತಾ ಒಂದು ಕೈ ಬಿಡುವುದು, ಎರಡೂ ಬೇಡ.

ಹೆಲ್ಮೆಟ್‌ನ ಹೊರಚಿಪ್ಪಿನ ಒಳಗಿರುವ ಥರ್ಮಕೋಲ್ ಪದರವನ್ನು ಯಾವ ಕಾರಣಕ್ಕೂ ಕೆರೆಯಬೇಡಿ, ಕತ್ತರಿಸಬೇಡಿ. ಬಿದ್ದಾಗ ನಜ್ಜುಗುಜ್ಜಾಗಿ ತಲೆಗೆ ಬೀಳುವ ಪೆಟ್ಟನ್ನು ತಾನು ತೆಗೆದುಕೊಳ್ಳುವುದು ಅದೇ. ಸ್ಪೀಕರ್‌ಗೆ ಜಾಗ ಮಾಡಲು ಅಲ್ಲಿ ಗುಂಡಿ ತೋಡಿದರೆ ಆ ಹೆಲ್ಮೆಟ್ ಮೇಲೆ ನಂಬಿಕೆ ಇಡುವ ಹಾಗಿಲ್ಲ.

ಇನ್ನು, ಸವಾರಿ ಮಾಡುವಾಗ ಕಿವಿಯಲ್ಲಿ ಇಯರ್‌ಫೋನ್ ಇರಬಾರದು ಅಂತ ಕೆಲವು ಕಡೆ ಕಾನೂನಿದೆ, ಕೆಲವು ಕಡೆ ಹೆಲ್ಮೆಟ್ ಸ್ಪೀಕರ್‌ಗೆ ಮಾತ್ರ ವಿನಾಯಿತಿ ಇದೆ. ನೀವು ಓಡಿಸುವ ಕಡೆ ಏನಿದೆ ಅಂತ ತಿಳಿದುಕೊಂಡೇ ಹೊರಡಿ.

ಲಕ್ಷಣ: ನಿಂತಾಗ ಚೆನ್ನಾಗಿದೆ, ವೇಗ ಏರಿದರೆ ಏನೂ ಕೇಳಿಸಲ್ಲ

ಎಲ್ಲರಿಗೂ ಬರುವ ತೊಂದರೆ ಇದು. ಇದರಲ್ಲಿ ಮೂರು ಬೇರೆ ಬೇರೆ ಕಾರಣ ಬೆರೆತಿರುತ್ತವೆ. ಒಂದೊಂದಾಗಿ ಬಿಡಿಸಬೇಕು.

ಮೊದಲು ಫೋನ್ ನೋಡಿ. ಎಷ್ಟೋ ಬ್ಲೂಟೂತ್ ಯೂನಿಟ್‌ಗಳಲ್ಲಿ ಫೋನಿನ ವಾಲ್ಯೂಮ್ ಬೇರೆ, ಯೂನಿಟ್ ವಾಲ್ಯೂಮ್ ಬೇರೆ. ಯೂನಿಟ್ ಪೂರ್ತಿ ಏರಿಸಿಕೊಂಡು ಫೋನಿನದು ಅರ್ಧಕ್ಕೇ ನಿಂತಿದ್ದರೆ ಸದ್ದು ಬಡವಾಗಿಯೇ ಇರುತ್ತದೆ. ಹಾಗೇ ಆ್ಯಪ್‌ನಲ್ಲಿ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಮೆಲ್ಲಗಿರುವ ಹಾಡಿಗೆ ಏರಿಸಿ, ಮುಂದಿನ ಹಾಡು ಬಂದಾಗ ಬೆಚ್ಚಿಬೀಳುವುದು ಅದರಿಂದ ತಪ್ಪುತ್ತದೆ.

ಎರಡನೆಯದು ಸ್ಪೀಕರ್ ಕೂತಿರುವ ಜಾಗ. ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ಹಾಕಿಕೊಂಡು ಹಾಡು ಹಾಕಿ. ಈಗ ಎರಡೂ ಕೈಯನ್ನು ಹೆಲ್ಮೆಟ್‌ನ ಕೆಳ ಅಂಚಿನಿಂದ ಒಳಗೆ ತೂರಿಸಿ, ಕೆನ್ನೆ ಪ್ಯಾಡ್ ಸಮೇತ ಸ್ಪೀಕರನ್ನು ಕಿವಿಯ ಕಡೆಗೆ ಒತ್ತಿ. ಸದ್ದು ತಟ್ಟನೆ ಜೋರಾಗಿ, ಬೇಸ್ ತುಂಬಿ ಬಂತಾ? ಹಾಗಾದರೆ ಸ್ಪೀಕರ್ ಚೆನ್ನಾಗಿದೆ, ಕಿವಿಯಿಂದ ದೂರ ಇದೆ ಅಷ್ಟೇ. ಒಂದು ಸೆಂಟಿಮೀಟರ್ ಆಚೀಚೆ ಆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಜಾಗ ಹುಡುಕುವುದಕ್ಕೆ ಒಂದು ಸುಲಭದ ಉಪಾಯ ಇದೆ. ತೋರುಬೆರಳ ತುದಿಗೆ ಸೀಮೆಸುಣ್ಣ ತಿಕ್ಕಿಕೊಳ್ಳಿ. ಹೆಲ್ಮೆಟ್ ಹಾಕಿಕೊಂಡೇ ಕೆಳಗಿನಿಂದ ಬೆರಳು ಮೇಲೇರಿಸಿ, ಉಗುರಿನ ಬದಿಯಿಂದ ಕಿವಿಯ ತೂತು ಎಲ್ಲಿದೆ ಅಂತ ತಡಕಿ. ಸಿಕ್ಕಿದ ಜಾಗದಲ್ಲೇ ಬೆರಳು ಹೊರಳಿಸಿ ಎದುರಿಗಿರುವ ಬಟ್ಟೆಗೆ ಒತ್ತಿ. ಹೆಲ್ಮೆಟ್ ತೆಗೆದು ನೋಡಿದರೆ ಬಿಳಿ ಗುರುತು ಒಂದು ಕಡೆ, ಸ್ಪೀಕರ್ ಇನ್ನೊಂದು ಕಡೆ ಇರುವುದು ಕಾಣಿಸುತ್ತದೆ. ಹೆಲ್ಮೆಟ್‌ನವರು ಸ್ಪೀಕರ್‌ಗೆ ಅಂತಲೇ ಬಿಟ್ಟಿರುವ ಗುಂಡಿ ಎಲ್ಲರ ಕಿವಿಗೂ ಹೊಂದುವುದಿಲ್ಲ. ಗುಂಡಿಯಲ್ಲಿ ಕೂರಲೇಬೇಕು ಅಂತ ಹಟ ಬೇಡ, ವೆಲ್ಕ್ರೋ ಅಂಟಿಸಿ ಗುರುತಿನ ಮೇಲೇ ಸ್ಪೀಕರ್ ಕೂರಿಸಿ. ಹಿಂದೆ ತೆಳು ಸ್ಪಂಜಿನ ಪದರ ಕೊಟ್ಟು ಕಿವಿಗೆ ಹತ್ತಿರ ತನ್ನಿ, ಆದರೆ ಕಿವಿಗೆ ಒತ್ತಬಾರದು.

ಮೂರನೆಯದು ಗಾಳಿ, ಇದೇ ದೊಡ್ಡ ಕಳ್ಳ. ಗಂಟೆಗೆ 100 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ ಸುಮಾರು 95ರಿಂದ 100 ಡೆಸಿಬಲ್ ಮುಟ್ಟುತ್ತದೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಷ್ ಸಂಸ್ಥೆ ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 94 ಆದರೆ 1 ಗಂಟೆ, 100 ಆದರೆ 15 ನಿಮಿಷ. ಅಂದರೆ ಹಾಡು ಹಾಕದೇ ಇದ್ದರೂ ಅರ್ಧ ದಿನದ ಸವಾರಿ ಕಿವಿಗೆ ಜಾಸ್ತಿಯೇ. ಆ ಗಾಳಿಯನ್ನು ಮೀರಿಸಲು ಹಾಡನ್ನೂ ಅದರ ಮೇಲೆ ಏರಿಸಿದರೆ ಏನಾಗಬಹುದು, ನೀವೇ ಯೋಚಿಸಿ.

ಹಾಗಾಗಿ ಗಾಳಿ ಎಲ್ಲಿಂದ ನುಗ್ಗುತ್ತಿದೆ ಅಂತ ಹುಡುಕಿ. ವೈಸರ್ ಮುಚ್ಚುವಾಗ ನಡುವೆ ಒಂದು ಕಾಗದದ ಚೂರು ಇಟ್ಟು ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಸರಿಯಾಗಿ ಕೂರುತ್ತಿಲ್ಲ. ಅಂಚಿನ ಉದ್ದಕ್ಕೂ ಹೀಗೆ ನೋಡಿ. ರಬ್ಬರ್ ಒರೆಸಿ, ವೈಸರ್‌ನ ಹಿಡಿಕೆ ಸ್ಕ್ರೂ ಹೊಂದಿಸಿದರೆ ಎಷ್ಟೋ ಸಲ ಶಿಳ್ಳೆಯಂಥ ಸದ್ದು ನಿಂತುಹೋಗುತ್ತದೆ. ಆಮೇಲೆ ಗದ್ದದ ಕೆಳಗೆ, ಕುತ್ತಿಗೆಯ ಸುತ್ತ ನೋಡಿ. ಗಾಳಿ ಜಾಸ್ತಿ ಒಳಗೆ ಬರುವುದು ಈ ಕಡೆಯಿಂದಲೇ. ಗದ್ದದ ಪರದೆ ಹಾಕಿ, ಕುತ್ತಿಗೆಗೆ ತೆಳು ಬಟ್ಟೆಯ ಬಫ್ ಸುತ್ತಿಕೊಳ್ಳಿ. ಹೆಲ್ಮೆಟ್ ಹಾಕಿ ತಲೆ ಜೋರಾಗಿ ಆಡಿಸಿದಾಗ ಹೆಲ್ಮೆಟ್ ಬೇರೆಯೇ ಅಲ್ಲಾಡಿದರೆ ಅದು ಸಡಿಲ ಆಗಿದೆ. ಪ್ಯಾಡ್ ಚಪ್ಪಟೆ ಆಗಿದ್ದರೆ ಬದಲಿಸಿ, ಅಳತೆಯೇ ದೊಡ್ಡದಿದ್ದರೆ ಹೆಲ್ಮೆಟ್ ಬದಲಿಸಿ. ಇಲ್ಲಿ ಹಾಡಿಗಿಂತ ತಲೆಯ ಪ್ರಶ್ನೆ ದೊಡ್ಡದು.

ವಿಂಡ್‌ಶೀಲ್ಡ್ ಇರುವ ಗಾಡಿಯಾದರೆ, ಖಾಲಿಯಿರುವ ನೇರ ರಸ್ತೆಯಲ್ಲಿ ಮಿತವಾದ ವೇಗದಲ್ಲಿ, ಎರಡೂ ಕೈ ಹ್ಯಾಂಡಲ್ ಮೇಲಿಟ್ಟುಕೊಂಡು ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಲ್ಲಿ. ಅಭ್ಯಾಸ ಇಲ್ಲದವರು ಇದನ್ನು ಬಿಟ್ಟುಬಿಡಿ. ತಲೆ ಮೇಲೆ ಹೋದ ಕೂಡಲೇ ಡಬಡಬ ಬಡಿತ ನಿಂತು ಒಂದೇ ಸಮನೆ ಸುಯ್ ಅನ್ನುವ ಸದ್ದು ಉಳಿದರೆ, ತೊಂದರೆ ಕೊಡುತ್ತಿರುವುದು ವಿಂಡ್‌ಶೀಲ್ಡ್ ಅಂಚಿನಿಂದ ಏಳುವ ಸುಳಿಗಾಳಿ. ಅದನ್ನು ಎತ್ತರಿಸಿಯೋ ತಗ್ಗಿಸಿಯೋ ನೋಡಿ. ವಿಚಿತ್ರ ಅಂದರೆ, ತಗ್ಗಿಸಿದಾಗಲೇ ಸದ್ದು ಕಡಿಮೆ ಆಗುವುದೂ ಉಂಟು.

ಇಷ್ಟೆಲ್ಲ ಆದರೂ ಸಾಲದಿದ್ದರೆ ಇಯರ್‌ಪ್ಲಗ್ ಹಾಕಿಕೊಂಡು ಹೆಲ್ಮೆಟ್ ಸ್ಪೀಕರ್‌ನಲ್ಲಿ ಹಾಡು ಕೇಳಿ. ಕಿವಿ ಮುಚ್ಚಿಕೊಂಡು ಹಾಡು ಕೇಳುವುದಾ ಅಂತ ಅನ್ನಿಸುವುದು ಸಹಜ. ಗಾಳಿ, ಹಾಡು ಎರಡೂ ತಗ್ಗುತ್ತವೆ ನಿಜ, ಆದರೆ ಸದ್ದು ಅತಿಯಾದಾಗ ಕಿವಿಯೇ ಎಲ್ಲವನ್ನೂ ಕಲಸಿಬಿಡುತ್ತದೆ. ಮಟ್ಟ ಇಳಿದಾಗ ಹಾಡಿನ ಪದಗಳು ಬಿಡಿಬಿಡಿಯಾಗಿ ಕೇಳಿಸತೊಡಗುತ್ತವೆ. ಸ್ಪಂಜಿನ ಪ್ಲಗ್ ಆದರೆ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಉಬ್ಬುವವರೆಗೆ 20–30 ಸೆಕೆಂಡ್ ಬೆರಳಿಂದ ಹಿಡಿದುಕೊಳ್ಳಿ. ಅರ್ಧ ಹೊರಗೇ ಉಳಿದರೆ ಹಾಕಿಯೂ ಪ್ರಯೋಜನವಿಲ್ಲ. ಮಾತು, ಹಾರ್ನ್ ಇನ್ನೂ ಸ್ಪಷ್ಟವಾಗಿ ಬೇಕು ಅನ್ನುವವರಿಗೆ ಫಿಲ್ಟರ್ ಇರುವ ಪ್ಲಗ್ ಸಿಗುತ್ತದೆ.

ಲಕ್ಷಣ: ಬೇಸ್ ಮಾಯ, ಏರಿಸಿದರೆ ಸದ್ದು ಒಡೆಯುತ್ತದೆ

ಗಾಳಿಯ ಗದ್ದಲದಲ್ಲಿ ಜಾಸ್ತಿ ಇರುವುದು ದಪ್ಪ ದನಿ, ಹೆಚ್ಚಿನದು 500 ಹರ್ಟ್ಸ್‌ಗಿಂತ ಕೆಳಗೆ. ಬೇಸ್ ಇರುವುದೂ ಅಲ್ಲೇ. ಹಾಗಾಗಿ ಹಾಡಿನಲ್ಲಿ ಮೊದಲು ಕಾಣೆಯಾಗುವುದು ಅದೇ. ಆಗ ಬೇಸ್ ಏರಿಸಬೇಕು ಅಂತ ಅನ್ನಿಸುತ್ತದೆ, ಆದರೆ ಸುಮಾರು 40 ಮಿ.ಮೀ. ಅಗಲದ ಪುಟ್ಟ ಸ್ಪೀಕರ್‌ಗೆ ಅಷ್ಟು ತಳ್ಳುವ ಶಕ್ತಿ ಇಲ್ಲ. ಅದು ಗರಗರ ಅನ್ನುತ್ತದೆ.

ಈಕ್ವಲೈಸರ್‌ನಲ್ಲಿ, ಅಂದರೆ ದಪ್ಪ ದನಿ, ತೆಳು ದನಿಯನ್ನು ಬೇರೆ ಬೇರೆ ಏರಿಸಿ ಇಳಿಸುವ ಸೆಟ್ಟಿಂಗ್‌ನಲ್ಲಿ, ಉಲ್ಟಾ ಮಾಡಿ ನೋಡಿ. ಬೇಸ್ ಒಂದೆರಡು ಮೆಟ್ಟಿಲು ಇಳಿಸಿ, 2000ದಿಂದ 4000 ಹರ್ಟ್ಸ್ ನಡುವೆ ಸ್ವಲ್ಪ ಏರಿಸಿ. ಹಾಡಿನ ಪದಗಳು ಗೊತ್ತಾಗುವುದು ಈ ಭಾಗದಿಂದ. ವಾಲ್ಯೂಮ್ ಅಷ್ಟೇ ಇದ್ದರೂ ಹಾಡು ಮುಂದೆ ಬಂದ ಹಾಗಾಗುತ್ತದೆ. ಮನೆಯಲ್ಲಿ ಕೇಳಿದರೆ ಇದೇ ಸೆಟ್ಟಿಂಗ್ ಕೀರಲು ಅನ್ನಿಸಬಹುದು, ಅದಕ್ಕೆ ಸವಾರಿಗೇ ಬೇರೆ ಇಟ್ಟುಕೊಳ್ಳಿ.

ಕಡಿಮೆ ವಾಲ್ಯೂಮ್‌ನಲ್ಲೂ ಗರಗರ ಅಂದರೆ ಬೇರೆ ಫೋನ್ ಜೋಡಿಸಿ ಕೇಳಿ. ಅದರಲ್ಲೂ ಹಾಗೇ ಇದ್ದರೆ ಸ್ಪೀಕರ್‌ನ ಪರದೆ ಹರಿದಿದೆ ಅಥವಾ ನೀರು, ಧೂಳು ಸೇರಿದೆ. ಮಳೆಯಲ್ಲಿ ನೆಂದಿದ್ದರೆ ಒಂದು ದಿನ ನೆರಳಲ್ಲಿ ಒಣಗಲಿ. ಆಮೇಲೂ ಸರಿ ಹೋಗದಿದ್ದರೆ ಸ್ಪೀಕರ್ ಜೋಡಿ ಮಾತ್ರ ಬದಲಿಸಿದರೆ ಸಾಕಾಗಬಹುದು, ಇಡೀ ಯೂನಿಟ್ ಬೇಕಾಗಿಲ್ಲ.

ಲಕ್ಷಣ: ಒಂದೇ ಕಿವಿಗೆ ಕೇಳುತ್ತದೆ

ಮೊದಲು ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ಗೆ ಹೋಗಿ ಎಡ-ಬಲ ಬ್ಯಾಲೆನ್ಸ್ ನಡುವೆಯೇ ಇದೆಯಾ ನೋಡಿ. ಜೇಬಿನಲ್ಲಿ ಏನೋ ತಾಗಿ ಅದು ಒಂದು ಕಡೆಗೆ ಸರಿದಿರಬಹುದು.

ಹೆಲ್ಮೆಟ್ ಸ್ಪೀಕರ್ ಆದರೆ ಯೂನಿಟ್‌ಗೆ ಹೋಗುವ ಕನೆಕ್ಟರ್ ತೆಗೆದು ಗಟ್ಟಿಯಾಗಿ ಮತ್ತೆ ಹಾಕಿ. ಹಾಡು ಹಾಕಿಕೊಂಡು ವೈರ್‌ನ ಉದ್ದಕ್ಕೂ ಬೆರಳಿಂದ ಮೆಲ್ಲಗೆ ಅಲ್ಲಾಡಿಸುತ್ತಾ ಹೋಗಿ. ಎಲ್ಲಿ ಕರಕರ ಅಂದು ಬಂದು ಹೋಗುತ್ತದೋ ಅಲ್ಲೇ ಒಳಗೆ ತುಂಡಾಗಿದೆ. ಸಾಮಾನ್ಯವಾಗಿ ಅದು ಕೆನ್ನೆಯ ಪ್ಯಾಡ್‌ನ ಬಟನ್ ಕೆಳಗೆ ಸಿಕ್ಕಿ ಜಜ್ಜಿರುತ್ತದೆ. ಹೊಸದು ಹಾಕುವಾಗ ವೈರ್ ಬಟನ್‌ನಿಂದ ದೂರ ಹೋಗಲಿ. ಇಯರ್‌ಬಡ್ ಆದರೆ ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿದೆಯಾ ನೋಡಿ, ಒಣ ಮೃದು ಬ್ರಷ್‌ನಿಂದ ಕೆಳಮುಖವಾಗಿ ಹಿಡಿದು ಉಜ್ಜಿ. ಸೂಜಿ ಚುಚ್ಚಬೇಡಿ.

ಎರಡು ಕಡೆಯೂ ಸರಿ ಇದ್ದು ನಿಮಗೆ ಮಾತ್ರ ಒಂದು ಕಡೆ ಕಡಿಮೆ ಕೇಳುತ್ತಿದ್ದರೆ, ಸ್ಪೀಕರ್ ಅದಲು ಬದಲು ಮಾಡಿ ಕೇಳಿ. ಆಗಲೂ ಅದೇ ಕಿವಿಗೆ ಕಡಿಮೆ ಅಂದರೆ ಪರೀಕ್ಷೆ ಬೇಕಿರುವುದು ಕಿವಿಗೆ. ಕೊನೆಯ ಭಾಗ ಓದಿ.

ಲಕ್ಷಣ: ಹಾಡು ತುಂಡು ತುಂಡಾಗಿ ಬರುತ್ತದೆ

ಇಲ್ಲಿ ಒಂದೇ ಪ್ರಶ್ನೆ ಮೊದಲು: ನೆಟ್ ಹೋಗುತ್ತಿದೆಯಾ, ಬ್ಲೂಟೂತ್ ಹೋಗುತ್ತಿದೆಯಾ? ಫೋನಿಗೆ ಇಳಿಸಿಕೊಂಡಿರುವ ಹಾಡು ಹಾಕಿ. ಅದು ಸರಾಗವಾಗಿ ಬಂದರೆ ತೊಂದರೆ ನೆಟ್‌ನದು. ಬೆಟ್ಟ, ಕಾಡಿನ ದಾರಿಗೆ ಹೊರಡುವ ಮುನ್ನ ಹಾಡು ಇಳಿಸಿಟ್ಟುಕೊಳ್ಳಿ, ಮುಗಿಯಿತು.

ಇಳಿಸಿದ ಹಾಡೂ ತುಂಡಾದರೆ ಬ್ಲೂಟೂತ್. ಅದು ಓಡುವುದು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ನೀರು ಆ ಅಲೆಯನ್ನು ಹೀರುತ್ತದೆ, ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರೇ ಅಲ್ವಾ. ಯೂನಿಟ್ ಹೆಲ್ಮೆಟ್‌ನ ಎಡಕ್ಕಿದ್ದು ಫೋನ್ ಬಲಗಡೆ ಹಿಂಜೇಬಿನಲ್ಲಿ ಇದ್ದರೆ ಇಡೀ ಮೈ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಫೋನನ್ನು ಜಾಕೆಟ್‌ನ ಎದೆ ಜೇಬಿಗೆ, ಅಥವಾ ಯೂನಿಟ್ ಇರುವ ಕಡೆಗೇ ತಂದುಕೊಳ್ಳಿ. ಮಳೆಯಲ್ಲಿ ಜಾಕೆಟ್ ನೆಂದಾಗ ಇದೇ ತೊಂದರೆ ಹೆಚ್ಚುವುದಕ್ಕೂ ಕಾರಣ ಇದೇ.

ಜಾಗ ಬದಲಿಸಿದರೂ ಹೋಗದಿದ್ದರೆ ಎರಡೂ ಕಡೆ ಹಳೆಯ ಪೇರಿಂಗ್ ಅಳಿಸಿ, ಎರಡನ್ನೂ ಆಫ್-ಆನ್ ಮಾಡಿ, ಹೊಸದಾಗಿ ಜೋಡಿಸಿ. ಯೂನಿಟ್‌ಗೆ ಹೊಸ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಬಂದಿದ್ದರೆ ಹಾಕಿ, ಆದರೆ ಹೊರಡುವ ದಿನ ಬೆಳಗ್ಗೆ ಬೇಡ.

ಲಕ್ಷಣ: ಹಾಡು ತಾನೇ ನಿಲ್ಲುತ್ತದೆ, ತಾನೇ ಬದಲಾಗುತ್ತದೆ

ಇಯರ್‌ಬಡ್ ಹಾಕುವವರಿಗೆ ಇದು ಜಾಸ್ತಿ. ಹೆಲ್ಮೆಟ್ ಪ್ಯಾಡ್ ಇಯರ್‌ಬಡ್‌ನ ಟಚ್ ಜಾಗಕ್ಕೆ ಒತ್ತುತ್ತಿರುತ್ತದೆ. ತಲೆ ತಿರುಗಿಸಿದರೆ ಹಾಡು ನಿಲ್ಲುತ್ತದೆ, ಮತ್ತೆ ತಿರುಗಿಸಿದರೆ ಮುಂದಿನ ಹಾಡು. ಅದರ ಆ್ಯಪ್‌ನಲ್ಲಿ ಟಚ್ ಆಫ್ ಮಾಡಿ, ಕಿವಿಯಿಂದ ತೆಗೆದರೆ ನಿಲ್ಲುವ ಸೌಲಭ್ಯವನ್ನೂ ಆಫ್ ಮಾಡಿ.

ಪ್ರತಿ ಸಲ ಫೋನ್ ಪರದೆ ಆರಿದ ಸ್ವಲ್ಪ ಹೊತ್ತಿಗೆ ನಿಲ್ಲುತ್ತಿದ್ದರೆ ಅದು ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನ ಕೆಲಸ. ಹಾಡಿನ ಆ್ಯಪ್‌ಗೆ ಮಾತ್ರ ಆ ನಿರ್ಬಂಧ ತೆಗೆಯಿರಿ.

ಶಬ್ದ ತಗ್ಗಿಸುವ ಇಯರ್‌ಬಡ್ ಹಾಕಿ ವೇಗದಲ್ಲಿ ಹೋದಾಗ ಕಿವಿಯಲ್ಲಿ ಧಡ್ ಧಡ್ ಅನ್ನುತ್ತಿದ್ದರೆ, ಅದರ ಹೊರಗಿನ ಮೈಕಿಗೆ ಗಾಳಿ ಬಡಿಯುತ್ತಿದೆ ಅಂತ ಅರ್ಥ. ಆ ಸೌಲಭ್ಯ ಆರಿಸಿ ನೋಡಿ. ಒಂದು ಮಾತು, ಕಿವಿ ರಕ್ಷಣೆಗೆ ಅಂತ ಪರೀಕ್ಷೆಯಾದ ಇಯರ್‌ಪ್ಲಗ್‌ಗೆ ಇದು ಬದಲಿ ಅಲ್ಲ.

ಲಕ್ಷಣ: ಇದ್ದಕ್ಕಿದ್ದಂತೆ ಹಾಡು ಹಳೇ ಟೆಲಿಫೋನಿನಲ್ಲಿ ಕೇಳಿದ ಹಾಗಿದೆ

ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ. ಮೈಕ್ ತೆರೆದ ಕೂಡಲೇ ಸದ್ದು ಕರೆಯ ದಾರಿಗೆ ಹೋಗುತ್ತದೆ, ಅಲ್ಲಿ ಸ್ಟೀರಿಯೊ ಇಲ್ಲ, ಗುಣಮಟ್ಟವೂ ಕಡಿಮೆ. ಯಾವುದೋ ಆ್ಯಪ್ ಮೈಕ್ ಹಿಡಿದುಕೊಂಡಿದೆ. ಧ್ವನಿ ಸಹಾಯಕ, ವಿಡಿಯೊ ರೆಕಾರ್ಡಿಂಗ್, ಫೋನ್ ಮೂಲಕ ಮಾತಾಡುವ ಇಂಟರ್‌ಕಾಮ್ ಆ್ಯಪ್, ಇವನ್ನು ಮುಚ್ಚಿ. ಹೋಗದಿದ್ದರೆ ಬ್ಲೂಟೂತ್ ಆಫ್-ಆನ್.

ಲಕ್ಷಣ: ಎಂಜಿನ್ ಏರಿದಂತೆ ಕುಂಯ್ ಅನ್ನುವ ಸದ್ದೂ ಏರುತ್ತದೆ

ವೈರ್ ಮೂಲಕ ಕೇಳುವವರಿಗೆ, ಫೋನ್ ಗಾಡಿಯಿಂದ ಚಾರ್ಜ್ ಆಗುತ್ತಿದ್ದರೆ ಮಾತ್ರ ಬರುವ ತೊಂದರೆ ಇದು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆ್ಯಕ್ಸಿಲರೇಟರ್ ಸ್ವಲ್ಪ ತಿರುಗಿಸಿ ಕೇಳಿ. ಈಗ ಚಾರ್ಜರ್ ಕಿತ್ತು ಮತ್ತೆ ಕೇಳಿ. ನಿಂತಿತಾ? ಗ್ರೌಂಡ್ ಲೂಪ್, ಅಂದರೆ ಚಾರ್ಜಿಂಗ್ ವೈರ್ ಮೂಲಕ ಗಾಡಿಯ ವಿದ್ಯುತ್ತಿನ ಗದ್ದಲ ಹಾಡಿಗೆ ಬೆರೆಯುತ್ತಿದೆ. ಪವರ್ ಬ್ಯಾಂಕ್‌ನಿಂದ ಚಾರ್ಜ್ ಮಾಡಿ, ಇಲ್ಲಾ ಆಡಿಯೊ ವೈರ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ, ಇಲ್ಲಾ ಬ್ಲೂಟೂತ್‌ಗೆ ಬದಲಾಯಿಸಿ.

ಚಾರ್ಜಿಂಗ್ ಸಾಕೆಟ್ ಮುಟ್ಟಿದರೆ ಬಿಸಿ, ಪ್ಲಾಸ್ಟಿಕ್ ಕಮಟು ವಾಸನೆ, ಪದೇ ಪದೇ ಫ್ಯೂಸ್ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕಿ ಮುಂದುವರಿಯಬೇಡಿ, ವೈರಿಂಗ್ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ.

ಲಕ್ಷಣ: ಬ್ಯಾಟರಿ ಅರ್ಧ ದಾರಿಗೇ ಮುಗಿಯುತ್ತದೆ

ಪೂರ್ತಿ ವಾಲ್ಯೂಮ್, ಜೊತೆಗೆ ಬಳಸದಿದ್ದರೂ ಆನ್ ಇರುವ ಇಂಟರ್‌ಕಾಮ್, ಎರಡೂ ಬ್ಯಾಟರಿ ತಿನ್ನುತ್ತವೆ. ಗಾಳಿ ಕಡಿಮೆ ಮಾಡಿಕೊಂಡವರಿಗೆ ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಇಳಿಯುವುದು ಸಹಜ, ಬೆಚ್ಚಗಾದ ಮೇಲೆ ಮರಳುತ್ತದೆ. 0 ಡಿಗ್ರಿಗಿಂತ ಕೆಳಗಿರುವಾಗ ಚಾರ್ಜ್ ಮಾಡಬೇಡಿ, ಸೆಲ್ ಹಾಳಾಗುತ್ತದೆ. ಬಿಸಿಲಿನಲ್ಲಿ ಗಾಡಿ ಮೇಲೆ ಹೆಲ್ಮೆಟ್ ಬಿಟ್ಟು ಹೋಗುವುದೂ ಅದರ ಆಯುಸ್ಸು ತಿನ್ನುತ್ತದೆ.

ಯೂನಿಟ್‌ನ ಮೈ ಉಬ್ಬಿದೆ, ಮುಚ್ಚಳ ಬಾಯಿ ಬಿಟ್ಟಿದೆ, ಚಾರ್ಜ್ ಆಗುವಾಗ ಕೈ ಇಡಲಾಗದಷ್ಟು ಬಿಸಿ ಅಂದರೆ ಅದನ್ನು ಹೆಲ್ಮೆಟ್‌ನಿಂದ ಈಗಲೇ ಬಿಚ್ಚಿ. ಮತ್ತೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಹಳೇ ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಡಿ. ಕಿವಿಯ ಪಕ್ಕದಲ್ಲೇ ಇರುವ ಬ್ಯಾಟರಿ ಇದು, ಇನ್ನೊಂದು ಸವಾರಿ ತಡೆಯುತ್ತದಾ ಅಂತ ನೋಡುವ ವಿಷಯವೇ ಅಲ್ಲ.

ಲಕ್ಷಣ: ಒಂದು ಗಂಟೆಗೆಲ್ಲ ಕಿವಿ ನೋವು

ಹೆಲ್ಮೆಟ್ ಹಾಕುವಾಗ ಕಿವಿ ಮಡಚಿಕೊಂಡಿರಬಹುದು. ಹಾಕಿದ ಮೇಲೆ ಬೆರಳು ತೂರಿಸಿ ಬಿಡಿಸಿಕೊಳ್ಳಿ. ಸ್ಪೀಕರ್ ಒತ್ತುತ್ತಿದ್ದರೆ ಅದರ ಹಿಂದಿನ ಸ್ಪಂಜ್ ತೆಗೆದು ತೆಳುವಾಗಿಸಿ. ಇಯರ್‌ಬಡ್ ಆದರೆ ಕಿವಿಯಿಂದ ಹೊರಗೆ ಚಾಚದ, ಚಪ್ಪಟೆ ಮಾದರಿ ಬೇಕು. ಗಟ್ಟಿ ವಸ್ತುವೊಂದು ಹೆಲ್ಮೆಟ್ ಮತ್ತು ಕಿವಿಯ ನಡುವೆ ಸಿಕ್ಕಿಕೊಂಡಿದ್ದರೆ ಬಿದ್ದಾಗ ಪೆಟ್ಟು ಅಲ್ಲಿಗೇ. ಒಳಗೆ ಜಾಗವೇ ಇಲ್ಲದ ಹೆಲ್ಮೆಟ್ ಆದರೆ ಸ್ಪೀಕರ್‌ಗೆ ಗುಂಡಿ ಇರುವ ಹೆಲ್ಮೆಟ್ ಕೊಳ್ಳುವುದೇ ಸರಿಯಾದ ದಾರಿ.

ಲಕ್ಷಣ: ಸವಾರಿ ಮುಗಿದ ಮೇಲೂ ಕಿವಿ ಗುಂಯ್ ಅನ್ನುತ್ತದೆ

ದಯವಿಟ್ಟು ಇದನ್ನು ಆಯಾಸ ಅಂತ ತಳ್ಳಿಹಾಕಬೇಡಿ. ಕಿವಿ ಗುಂಯ್ ಅನ್ನುವುದು, ಊಟಕ್ಕೆ ಕೂತಾಗ ಎದುರಿನವರ ಮಾತು ಹತ್ತಿ ತುಂಬಿದ ಹಾಗೆ ಮಂದವಾಗಿ ಕೇಳುವುದು, ಇವು ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ದಣಿದಿರುವ ಗುರುತು. ಒಂದು ರಾತ್ರಿಯಲ್ಲಿ ಸರಿಹೋದ ಹಾಗೆ ಕಾಣಬಹುದು. ಪದೇ ಪದೇ ಹೀಗಾದರೆ ಆ ಕೋಶಗಳು ಸಾಯುತ್ತವೆ, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಪರೀಕ್ಷೆ ಸುಲಭ. ರಾತ್ರಿ ಗಾಡಿ ನಿಲ್ಲಿಸಿದಾಗ ವಾಲ್ಯೂಮ್ ಮುಟ್ಟಬೇಡಿ. ಬೆಳಗ್ಗೆ ಎಂಜಿನ್ ಶುರು ಮಾಡುವ ಮುನ್ನ ಹೆಲ್ಮೆಟ್ ಕೈಯಲ್ಲಿ ಹಿಡಿದು ಹಾಡು ಹಾಕಿ, ಮೆಲ್ಲಗೆ ಕಿವಿ ಹತ್ತಿರ ತನ್ನಿ. ಇಷ್ಟು ಜೋರಾ ಅಂತ ತಲೆ ಹಿಂದಕ್ಕೆ ಎಳೆದುಕೊಂಡಿರಾ? ನಿನ್ನೆ ಇಡೀ ದಿನ ಕೇಳಿದ್ದು ಅದನ್ನೇ. ಆ ಮಟ್ಟ ಬೇಕಾಗಿದ್ದು ಗಾಳಿಗೆ. ಮೊದಲ ಲಕ್ಷಣಕ್ಕೆ ಹಿಂದಿರುಗಿ ಗಾಳಿ ತಗ್ಗಿಸುವ ಕೆಲಸ ಮುಗಿಸಿ. ಹಿಂದಿನ ಗಾಡಿಯ ಹಾರ್ನ್, ಆಂಬುಲೆನ್ಸ್ ಸೈರನ್, ನಿಮ್ಮದೇ ಎಂಜಿನ್‌ನ ಬದಲಾದ ಸದ್ದು ಕೇಳದಷ್ಟು ಹಾಡು ಏರಿದ್ದರೆ ಅವತ್ತಿನ ಮಟ್ಟಿಗೆ ಹಾಡು ನಿಲ್ಲಿಸಿ ಓಡಿಸಿ.

ಗುಂಯ್ ಸದ್ದು ಎರಡು ದಿನ ಕಳೆದರೂ ಹೋಗದಿದ್ದರೆ, ಕಿವಿಯಿಂದ ಕೀವು ಅಥವಾ ರಕ್ತ ಬಂದರೆ, ತಲೆ ಸುತ್ತು ಇದ್ದರೆ ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಎರಡು ದಿನವೂ ಕಾಯಬೇಡಿ, ಅವತ್ತೇ ಹೋಗಿ. ಅದಕ್ಕೆ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎಷ್ಟು ಗಂಟೆ ಓಡಿಸಿದಿರಿ, ಯಾವ ವೇಗದಲ್ಲಿ, ಪ್ಲಗ್ ಹಾಕಿದ್ದಿರಾ, ಏನು ಹಾಕಿಕೊಂಡು ಹಾಡು ಕೇಳಿದಿರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದೇ ಇವನ್ನು.